ಸ್ಪೀಕರ್ ಇಲ್ಲದ ಕಡೆಯಿಂದ ಬರುವ ಹಾಡು

ದಾವಣಗೆರೆಯ ದೇವರಾಜ ಅರಸು ಬಡಾವಣೆಯಂಥ ಕಡೆ, ಮೂವತ್ತು–ನಲವತ್ತರ ಸೈಟಿನ ಮನೆಯಲ್ಲಿ ಸ್ಪೀಕರ್ ಎಲ್ಲಿರಬೇಕೆಂದು ನಿರ್ಧರಿಸುವವರು ಸಾಮಾನ್ಯವಾಗಿ ಬಡಗಿಗಳು. ಶೋಕೇಸ್ ಕೂರಿಸುವಾಗ ಟೀವಿಗೊಂದು ಗೂಡು, ಅದರ ಆಚೀಚೆ ಸ್ಪೀಕರಿಗೆಂದು ಎರಡು ಗೂಡು. ಸೋಫಾ ಎದುರು ಗೋಡೆಗೆ ಒತ್ತಿಕೊಂಡಿರುತ್ತದೆ. ನೋಡಲು ಅಚ್ಚುಕಟ್ಟು, ಕೇಳಲು ಮಾತ್ರ ಇದಕ್ಕಿಂತ ಕೆಟ್ಟ ಜೋಡಣೆ ಹುಡುಕುವುದು ಕಷ್ಟ. ದುಡ್ಡು ಸುರಿದು ತಂದ ಜೋಡಿ ಸ್ಪೀಕರ್ ಅಲ್ಲಿ ಒಂಟಿ ಡಬ್ಬಿಯ ಹಾಗೆ ಮೊಳಗುತ್ತದೆ.

ಸ್ಟೀರಿಯೊದ ಕಸುಬು ಒಂದೇ: ಎರಡು ಸ್ಪೀಕರುಗಳ ನಡುವೆ, ಏನೂ ಇಲ್ಲದ ಕಡೆ, ಹಾಡುಗಾರರನ್ನು ತಂದು ಕೂರಿಸುವುದು. ಇಎಂಐ ಕಂಪನಿಯ ಎಂಜಿನಿಯರ್ ಅಲನ್ ಬ್ಲಮ್ಲೈನ್ 1931ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಆಗಿನ ಟಾಕಿ ಸಿನಿಮಾಗಳಲ್ಲಿ ನಟ ಪರದೆಯ ಯಾವ ತುದಿಗೆ ನಡೆದುಹೋದರೂ ಮಾತು ಮಾತ್ರ ಒಂದೇ ಜಾಗದಿಂದ ಬರುತ್ತಿತ್ತು. ದನಿಯೂ ನಟನ ಹಿಂದೆ ಹೋಗಬೇಕು ಎಂಬುದು ಅವರ ಹಟ.

ಅವರು ನಂಬಿದ್ದು ನಮ್ಮ ಕಿವಿಗಳನ್ನು. ಎಡಗಡೆಯ ಸದ್ದು ಎಡಗಿವಿಗೆ ಮೊದಲು, ಬಲಗಿವಿಗೆ ತುಸು ತಡವಾಗಿ ಮುಟ್ಟುತ್ತದೆ. ಈ ತಡ ಹೆಚ್ಚೆಂದರೆ 0.7 ಮಿಲಿಸೆಕೆಂಡ್. ಅಷ್ಟು ಸಣ್ಣ ತಡದಿಂದಲೇ ಮಿದುಳು ದಿಕ್ಕನ್ನು ಲೆಕ್ಕ ಹಾಕುತ್ತದೆ. ಎರಡೂ ಸ್ಪೀಕರುಗಳಿಂದ ಒಂದೇ ದನಿ, ಒಂದೇ ಹೊತ್ತಿಗೆ, ಒಂದೇ ಬಲದಲ್ಲಿ ಬಂತೆನ್ನಿ. ಸದ್ದಿನ ಮೂಲ ನಟ್ಟನಡುವೆ ಇದೆಯೆಂದು ಮಿದುಳು ತೀರ್ಮಾನಿಸುತ್ತದೆ. ಒಂದು ಕಡೆಯ ಬಲ ಸ್ವಲ್ಪ ಹೆಚ್ಚಿಸಿದರೆ ಹಾಡುಗಾರರು ಆ ಕಡೆಗೆ ಸರಿಯುತ್ತಾರೆ.

ಹಾಗಾಗಿ ಮೊದಲ ನಿಯಮ ಸಮಬಾಹು ತ್ರಿಕೋನ. ಹತ್ತು ಅಡಿ ಅಗಲ, ಹದಿನಾಲ್ಕು ಅಡಿ ಉದ್ದದ ಹಾಲ್ ಎಂದುಕೊಳ್ಳಿ. ಸ್ಪೀಕರುಗಳನ್ನು ಹತ್ತಡಿ ಗೋಡೆಯ ಕಡೆಗಿಟ್ಟು, ಉದ್ದಕ್ಕೆ ಮುಖ ಮಾಡಿ. ಎರಡರ ನಡುವೆ ಆರು ಅಡಿ. ಒಂದೊಂದರಿಂದಲೂ ಕೇಳುವವರಿಗೆ ಆರು ಅಡಿ. ಎತ್ತರದ ಸ್ವರ ನುಡಿಸುವ ಟ್ವೀಟರ್ ಕುಳಿತವರ ಕಿವಿಯ ಮಟ್ಟಕ್ಕಿರಲಿ, ಅಂದರೆ ನೆಲದಿಂದ ಸುಮಾರು ಮೂರು ಅಡಿ. ಈ ಜಾಗದಿಂದ ಒಂದಡಿ ಪಕ್ಕಕ್ಕೆ ಸರಿದರೆ ಎರಡು ದೂರಗಳ ನಡುವೆ ಹತ್ತಿರ ಹತ್ತಿರ ಒಂದಡಿ ವ್ಯತ್ಯಾಸ ಬೀಳುತ್ತದೆ. ನಮ್ಮ ಊರಿನ ಸೆಖೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,140 ಅಡಿ ಓಡುತ್ತದೆ; ಆ ಒಂದಡಿ ಎಂದರೆ 0.9 ಮಿಲಿಸೆಕೆಂಡಿನ ತಡ. ಕಿವಿಗಳ ನಡುವಣ ಗರಿಷ್ಠ ತಡಕ್ಕಿಂತ ಇದೇ ಹೆಚ್ಚಾಯಿತು. ನಡುವೆ ಹಾಡುತ್ತಿದ್ದವರು ಹತ್ತಿರದ ಪೆಟ್ಟಿಗೆಯೊಳಕ್ಕೆ ಹೊಕ್ಕುಬಿಡುತ್ತಾರೆ.

ಇಷ್ಟಾದರೂ ಬಾಸ್ ಗುಂಯ್‌ಗುಡುವುದು ನಿಂತಿರುವುದಿಲ್ಲ. ಅದು ಕೋಣೆಯ ಕೆಲಸ. ಎದುರುಬದುರು ಗೋಡೆಗಳ ನಡುವೆ ಅಲೆಯ ಅರ್ಧ ಉದ್ದ ಸರಿಯಾಗಿ ಹಿಡಿಸಿದಾಗ ಆ ಸ್ವರ ಅಲ್ಲೇ ನಿಂತು ಬಲಿಯುತ್ತದೆ. ಹದಿನಾಲ್ಕು ಅಡಿಗೆ ಅದು ಸುಮಾರು 41 ಹರ್ಟ್ಸ್, ಹತ್ತಡಿಗೆ 57. ತಾರಸಿಯ ಎತ್ತರವೂ ಹತ್ತಡಿಯಾದರೆ ಅದೇ 57ರ ಮೇಲೆ ಇನ್ನೊಂದು 57 ಹೇರಿದಂತೆ. ಹತ್ತು–ಹತ್ತರ ಚೌಕ ಕೋಣೆಯಲ್ಲಂತೂ ಮೂರೂ ಒಂದೇ. ಇಂಥ ಸ್ವರಗಳ ಒತ್ತಡ ಗೋಡೆಯ ಬಳಿ ಅತಿ ಹೆಚ್ಚು, ಮೂಲೆಯಲ್ಲಿ ಇನ್ನೂ ಹೆಚ್ಚು. ಸೋಫಾ ಗೋಡೆಗೆ ಅಂಟಿದ್ದರೆ ತಬಲಾದ ಡಗ್ಗ ಮಿಕ್ಕೆಲ್ಲವನ್ನೂ ನುಂಗುವುದು ಇದಕ್ಕೇ. ಕೋಣೆಯ ಸರಿಮಧ್ಯೆ ಕೂತರೆ ತದ್ವಿರುದ್ಧ: 41ರ ಸ್ವರ ಅಲ್ಲಿ ಬಹುಪಾಲು ಮಾಯ. ಹಿಂಗೋಡೆಯಿಂದ ಐದು ಅಡಿ ಆಸುಪಾಸಿನ ಜಾಗ ಸಾಮಾನ್ಯವಾಗಿ ಹದವಾಗಿರುತ್ತದೆ.

ಸ್ಪೀಕರಿನ ಬೆನ್ನ ಹಿಂದಿನ ಗೋಡೆಯದು ಇನ್ನೊಂದು ತಂಟೆ. ಅಲ್ಲಿಗೆ ಹೋಗಿ ಮರಳಿದ ಅಲೆ, ಮುಂದೆ ಹೊರಟ ಅಲೆಗೆ ತಿರುಗುಮುರುಗಾಗಿ ಸೇರಿದರೆ ಆ ಸ್ವರ ಅಳಿಯುತ್ತದೆ. ಮೂರು ಅಡಿ ದೂರಕ್ಕೆ 95 ಹರ್ಟ್ಸ್, ಎರಡು ಅಡಿಗೆ ಸುಮಾರು 140. ಇದನ್ನು ಪೂರ್ತಿ ತಪ್ಪಿಸಲಾಗದು, ಹಂಚಬಹುದು. ತಗ್ಗಿನ ಸ್ವರ ನುಡಿಸುವ ವೂಫರಿನಿಂದ ಹಿಂಗೋಡೆ, ಪಕ್ಕದ ಗೋಡೆ, ನೆಲ ಈ ಮೂರಕ್ಕೂ ದೂರ ಬೇರೆಬೇರೆ ಇರಲಿ. ಆಗ ಸ್ವರ ಅಳಿಯುವ ಮೂರೂ ಹಳ್ಳ ಒಂದೇ ಕಡೆ ಬೀಳುವುದಿಲ್ಲ. ಹಾಲಿನಲ್ಲಿ ಮೂರು ಅಡಿ ಬಿಟ್ಟರೆ ಓಡಾಡುವುದು ಹೇಗೆ ಎಂದು ಮನೆಯವರು ಕೇಳುತ್ತಾರೆ, ನ್ಯಾಯವೇ. ನೆಲದ ಮೇಲೆ ಟೇಪಿನ ಗುರುತು ಹಾಕಿ, ಕೇಳುವಾಗ ಮುಂದಕ್ಕೆಳೆದು, ಆಮೇಲೆ ಹಿಂದಕ್ಕೆ ತಳ್ಳಿದರಾಯಿತು.

ಇನ್ನು ಟೈಲ್ಸ್ ನೆಲ, ಗಾರೆ ಗೋಡೆ, ಆರ್‌ಸಿಸಿ ತಾರಸಿ. ಇವು ಬಿದ್ದ ಸದ್ದಿನ ಬಹುಪಾಲನ್ನು ಹಾಗೇ ವಾಪಸು ಕಳಿಸುತ್ತವೆ. ನಮ್ಮ ಲೆಕ್ಕದ ಹಾಲಿನಲ್ಲಿ ಪಕ್ಕದ ಗೋಡೆಗೆ ಬಡಿದ ಸದ್ದು ನೇರ ಸದ್ದಿಗಿಂತ 2.4 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಮಿದುಳು ಅದನ್ನು ಪ್ರತಿಧ್ವನಿಯೆಂದು ಬೇರ್ಪಡಿಸದೆ ಮೂಲ ದನಿಗೇ ಬೆರೆಸಿಕೊಳ್ಳುವುದರಿಂದ ಆ ದನಿಯ ಬಣ್ಣವೇ ಬದಲಾಗುತ್ತದೆ. ಅದು ಬಡಿಯುವ ಜಾಗ ಹುಡುಕಲು ಒಬ್ಬರು ಕೂತಿರಲಿ, ಇನ್ನೊಬ್ಬರು ಗೋಡೆಗುಂಟ ಕನ್ನಡಿ ಸರಿಸಲಿ. ಕೂತವರಿಗೆ ಸ್ಪೀಕರ್ ಕಂಡ ಕಡೆ ಪುಸ್ತಕದ ಕಪಾಟು ಅಥವಾ ದಪ್ಪ ಪರದೆ. ಮುಂದಿನ ನೆಲಕ್ಕೆ ನವಲಗುಂದದ ಜಮಖಾನವೋ ಚಳ್ಳಕೆರೆ ಕಡೆಯ ಕರಿ ಕಂಬಳಿಯೋ ಸಾಕು. ಆದರೆ ಬಟ್ಟೆ ಹೀರುವುದು ಎತ್ತರದ ಸ್ವರಗಳನ್ನಷ್ಟೇ. 57 ಹರ್ಟ್ಸಿನ ಅಲೆ ಇಪ್ಪತ್ತು ಅಡಿ ಉದ್ದ. ಕಂಬಳಿ ಅದಕ್ಕೆ ಲೆಕ್ಕವೇ ಇಲ್ಲ. ಬಾಸ್ ಪಳಗಿಸಲು ಖರ್ಚಿಲ್ಲದ ಮದ್ದು ಜಾಗ ಬದಲಿಸುವುದೊಂದೇ.

ಪರೀಕ್ಷೆಗೆ ಅರವತ್ತರ ದಶಕದ ಮೋನೊ ಸಿನಿಮಾ ಹಾಡು ಹಾಕಿ. ಎರಡೂ ಕಡೆ ಒಂದೇ ಸದ್ದಿರುವುದರಿಂದ ದನಿ ನಡುವಿನ ಖಾಲಿ ಗೋಡೆಯಿಂದಲೇ ಬರಬೇಕು. ಒಂದು ಪಕ್ಕಕ್ಕೆ ವಾಲಿದರೆ ಟೇಪು ಹಿಡಿದು ದೂರ ಅಳೆಯಿರಿ. ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದೆ, ಬಾಸ್ ಕೂಡ ಸೊರಗಿದ್ದರೆ, ಒಂದು ಸ್ಪೀಕರಿನ ಕೆಂಪು–ಕಪ್ಪು ವೈರು ಅದಲುಬದಲಾಗಿದೆ; ಆಂಪ್ಲಿಫೈಯರ್ ಆರಿಸಿ, ತಿರುಗಿಸಿ ಕೂಡಿಸಿ. ಹೊಸ ಸ್ಪೀಕರಿಗೆ ಅಂಗಡಿಗೆ ಹೋಗುವ ಯೋಚನೆ ಇದೆಲ್ಲ ಮುಗಿದ ಮೇಲೆ.