ಪದಬಂಧದಲ್ಲಿ ಹರೆಯ ಬಂದಾಗ

ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಪೇಪರ್‌ನ ಪದಬಂಧ ಹಿಡಿದು ಕೂರ್ತೀರಾ? ಹಾಗಾದರೆ ವಯಸ್ಸಿನ ಸುಳಿವುಗಳು ನಿಮ್ಮನ್ನೂ ಕಾಡಿರಬೇಕು. 'ಹರೆಯ (3)' ಅಂತ ಕಂಡ ಕೂಡಲೇ ಯೌವನ ಎಂದು ಪೆನ್ನಲ್ಲಿ ಬರೆದುಬಿಡಬೇಡಿ. ಒತ್ತಕ್ಷರಕ್ಕೆ ಬೇರೆ ಮನೆಯಿಲ್ಲವಲ್ಲ, ಹಾಗಾಗಿ ಜವ್ವನ, ತಾರುಣ್ಯಕ್ಕೂ ಮೂರೇ ಮನೆ. ಕೊನೆಗೆ 'ನ' ಸಿಕ್ಕಿದರೂ ಯೌವನವೋ ಜವ್ವನವೋ ತೀರ್ಮಾನವಾಗದು. ಮೊದಲ ಮನೆಯನ್ನು ಹಾದುಹೋಗುವ ಪದವನ್ನು ಮುಂಚೆ ಬಿಡಿಸಿಕೊಳ್ಳಿ. ಎರಡೇ ಮನೆಯಿದ್ದರೆ 'ಪ್ರಾಯ' ಹಾಕಿ ನೋಡಿ. 'ಹದಿನಾರರ ಹುಡುಗಿ (3)' ಎಂದರೆ ಷೋಡಶಿ.

ನಿಜವಾದ ತಲೆನೋವು ಸಂಖ್ಯೆಗಳದ್ದು. ಹದಿಮೂರರಿಂದ ಹತ್ತೊಂಬತ್ತರವರೆಗೆ ಎಲ್ಲಕ್ಕೂ ನಾಲ್ಕೇ ಮನೆ, ಎಲ್ಲವೂ ಶುರುವಾಗುವುದು 'ಹ'ದಿಂದಲೇ! ಹದಿನಾಲ್ಕು, ಹದಿನಾರಕ್ಕಂತೂ ಮೊದಲ ಮೂರು ಅಕ್ಷರ ಒಂದೇ. ಆದ್ದರಿಂದ ಕೊನೆಯ ಅಕ್ಷರದ ಬೆನ್ನು ಹತ್ತಿ. ಅಲ್ಲಿ 'ರು' ಬಂದರೆ ಮಾತ್ರ ಮೂರನೇ ಮನೆಯನ್ನೂ ನೋಡಿ, ಅದು ಹದಿಮೂರೂ ಆಗಿರಬಹುದು. 'ಮತದಾನಕ್ಕೆ ಬೇಕಾದ ವಯಸ್ಸು' ಹದಿನೆಂಟು. ಆದರೆ 'ಹಿಂದೆ' ಎಂಬ ಪುಟ್ಟ ಪದ ಸೇರಿದ್ದರೆ ಹುಷಾರು! 1989ಕ್ಕೆ ಮುಂಚೆ ಅದು ಇಪ್ಪತ್ತೊಂದಿತ್ತು. ಅದಕ್ಕೂ ನಾಲ್ಕೇ ಮನೆ!

ಅಂದಹಾಗೆ, ಹದಿಹರೆಯದ ಸುಳಿವು ಬಂದ ದಿನ, ಕೋಣೆ ಬಾಗಿಲು ಹಾಕಿಕೊಂಡು ಕೂರುವ ಮಗಳನ್ನೂ ಕರೆಯಿರಿ. ಮಾರ್ಕ್ಸು, ಮೊಬೈಲು ಯಾವುದನ್ನೂ ಎತ್ತದೆ 'ಇದೊಂದು ಹೇಳೇ' ಅನ್ನಿ, ಸಾಕು. ಮೊದಲ ದಿನ 'ಗೊತ್ತಿಲ್ಲಮ್ಮ' ಎಂದು ಎದ್ದುಹೋದಾಳು, ಹೋಗಲಿ ಬಿಡಿ. ನಾಳೆ ಮತ್ತೆ ಒಂದು ಮನೆ ಖಾಲಿ ಉಳಿಸಿ, ಪೆನ್ಸಿಲನ್ನು ಪೇಪರ್ ಮೇಲೇ ಇಟ್ಟಿರಿ.