ಮಂಗನ ಕಾಯಿಲೆಯ ಗುಟ್ಟು ಹುಡುಕಿದವರು

ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ನಾನಾ ಊರಿನವರು. ಸಾಗರ, ಸೊರಬ, ತೀರ್ಥಹಳ್ಳಿ ಕಡೆಯಿಂದ ಬಂದವರೂ ಇದ್ದಾರೆ. ಹಬ್ಬಕ್ಕೆ, ಜಾತ್ರೆಗೆ ಅಂತ ಊರಿಗೆ ಹೋಗ್ತಾರೆ. ಅಮ್ಮನ ಜೊತೆ ಸೌದೆಗೆ, ತರಗೆಲೆಗೆ ಕಾಡಿಗೂ ಹೋಗ್ತಾರೆ. ಅವರು ತಿಳಿಯಲೇಬೇಕಾದ ಒಂದು ಕಾಯಿಲೆ ಇದೆ. ಅದೇ ಮಂಗನ ಕಾಯಿಲೆ.

ಕಾಡಿನಲ್ಲಿ ಸತ್ತ ಮಂಗಗಳು

ಅದು 1957ನೇ ಇಸವಿ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕು. ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನಕ್ಕೂ ಜೋರು ಜ್ವರ ಬಂತು. ಕೆಲವರು ಸತ್ತರು. ಯಾವ ಜ್ವರ ಅಂತ ಯಾರಿಗೂ ತಿಳಿಯಲಿಲ್ಲ.

ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಇತ್ತು. ವೈರಸ್ ಅಂದರೆ ಕಣ್ಣಿಗೆ ಕಾಣದ ಅತಿ ಸಣ್ಣ ರೋಗಾಣು. ಆ ಕೇಂದ್ರದ ಡಾ. ಟೆಲ್ಫೋರ್ಡ್ ವರ್ಕ್ ಮತ್ತು ಅವರ ಸಂಗಡಿಗರು ಕಾಡಿಗೆ ಬಂದರು. ಆಫ್ರಿಕಾದಲ್ಲಿ, ಅಮೆರಿಕ ಖಂಡದಲ್ಲಿ ಹಳದಿ ಜ್ವರ ಎಂಬ ಕಾಯಿಲೆ ಇದೆ. ಅದನ್ನು ಸೊಳ್ಳೆ ಹರಡುತ್ತದೆ. ಅದರಿಂದಲೂ ಮಂಗಗಳು ಸಾಯುತ್ತವೆ. ಅದೇ ಇಲ್ಲಿಗೂ ಬಂತೇ ಎಂಬ ಅನುಮಾನ ಹುಟ್ಟಿತು. ಸತ್ತ ಮಂಗದಿಂದ, ರೋಗಿಗಳ ರಕ್ತದಿಂದ ರೋಗಾಣುವನ್ನು ಬೇರ್ಪಡಿಸಿ ನೋಡಿದರು. ಅದು ಹಳದಿ ಜ್ವರ ಅಲ್ಲ. ಹೊಸ ವೈರಸ್! ಅದಕ್ಕೆ ಕಾಡಿನ ಹೆಸರನ್ನೇ ಇಟ್ಟರು.

ಉಣುಗಿನ ಬೆನ್ನು ಹತ್ತಿದ ವಿಜ್ಞಾನಿ

ಕಾಯಿಲೆ ಹರಡುವುದು ಹೇಗೆ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಪಿ. ಕೆ. ರಾಜಗೋಪಾಲನ್ ಒಬ್ಬರು. ಅವರು ಕೀಟಗಳ ವಿಜ್ಞಾನಿ. ಸಾಗರದ ಕಡೆಯ ಕಾಡುಗಳಲ್ಲಿ ಅವರು ಕೆಲಸ ಮಾಡಿದರು.

ದನದ ಮೈಮೇಲೆ ಉಣುಗು ನೋಡಿದ್ದೀರಲ್ಲ? ಕೆಲವು ಕಡೆ ಅದನ್ನು ಉಣ್ಣೆ ಅಂತಾರೆ. ವಿಜ್ಞಾನಿಗಳು ಕಾಡಿನ ನೆಲದ ಮೇಲೆ ಬಟ್ಟೆ ಎಳೆಯುತ್ತಿದ್ದರು. ಬಟ್ಟೆಗೆ ಅಂಟಿದ ಉಣುಗುಗಳನ್ನು ಆರಿಸಿ ಪರೀಕ್ಷೆ ಮಾಡುತ್ತಿದ್ದರು. ದನ, ಹಕ್ಕಿ, ಇಲಿಗಳ ಮೈಮೇಲಿನ ಉಣುಗುಗಳನ್ನೂ ನೋಡಿದರು. ಇದು ಅಪಾಯದ ಕೆಲಸ. ಸಂಶೋಧನೆಯಲ್ಲಿ ತೊಡಗಿದ್ದ ಕೆಲವರಿಗೆ ಈ ಕಾಯಿಲೆಯೇ ತಗುಲಿತ್ತು.

ಕೊನೆಗೆ ಗುಟ್ಟು ತಿಳಿಯಿತು. ಉಣುಗಿನ ಮರಿ ರೋಗದ ಮಂಗದ ರಕ್ತ ಹೀರುತ್ತದೆ. ಮಂಗ ಸತ್ತಾಗ ಉಣುಗುಗಳು ಅಲ್ಲೇ ನೆಲಕ್ಕೆ ಬೀಳುತ್ತವೆ. ಆಮೇಲೆ ಆ ದಾರಿಯಲ್ಲಿ ಬಂದವರನ್ನು ಕಚ್ಚುತ್ತವೆ. ಹೀಗೆ ರೋಗ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಮಂಗವೂ ನಮ್ಮ ಹಾಗೆ ರೋಗಿಯೇ. ಅದನ್ನು ಬೈದು ಫಲವಿಲ್ಲ.

ರಾಜಗೋಪಾಲನ್ ಮುಂದೆ ಪುದುಚೇರಿಯ ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಅಲ್ಲಿ ಆನೆಕಾಲು ರೋಗ ಹರಡುವ ಸೊಳ್ಳೆಗಳನ್ನು ಹತೋಟಿಗೆ ತರಲು ದುಡಿದರು. 1990ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನಾವೇನು ಮಾಡಬೇಕು?

ಡಿಸೆಂಬರ್‌ನಿಂದ ಮೇ ತನಕ ಈ ಕಾಯಿಲೆ ಹೆಚ್ಚು. ಬಂದ 100 ಜನರಲ್ಲಿ 3ರಿಂದ 5 ಜನ ಸಾಯಬಹುದು. ಇದಕ್ಕೆಂದೇ ಬೇರೆ ಔಷಧಿ ಇಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಲಸಿಕೆ ತಯಾರಾಗುತ್ತಿತ್ತು. ಅದರ ಶಕ್ತಿ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಹಾಗಾಗಿ ನಮ್ಮ ಎಚ್ಚರವೇ ನಮಗೆ ಕಾವಲು.

ಕಾಡಿಗೆ ಹೋಗುವಾಗ ಮೈ ತುಂಬ ಬಟ್ಟೆ ಹಾಕಿರಿ. ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿರಿ. ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿರಿ. ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ. ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ತಿಳಿಸಿರಿ.

ಇನ್ನೊಂದು ಮಾತು. ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಬರುತ್ತದೆ. ಅಷ್ಟರಲ್ಲಿ ನೀವು ಪೀಣ್ಯಕ್ಕೆ ವಾಪಸು ಬಂದು ಕೆಲಸಕ್ಕೆ ಹೋಗುತ್ತಿರುತ್ತೀರಿ. ಇದ್ದಕ್ಕಿದ್ದಂತೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಸುಮ್ಮನಿರಬೇಡಿ. ಮೂಗಿನಲ್ಲಿ, ವಸಡಿನಲ್ಲಿ ರಕ್ತ ಬಂದರಂತೂ ತಡ ಮಾಡಲೇಬೇಡಿ. ಆಸ್ಪತ್ರೆಗೆ ಹೋಗಿರಿ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿರಿ: "ನಾನು ಮಲೆನಾಡಿಗೆ ಹೋಗಿದ್ದೆ. ಕಾಡಿಗೂ ಹೋಗಿದ್ದೆ." ಈ ಎರಡು ಮಾತಿನಿಂದ ಸರಿಯಾದ ರಕ್ತ ಪರೀಕ್ಷೆ ಬೇಗ ಆಗುತ್ತದೆ. ಜೀವ ಉಳಿಯುತ್ತದೆ.

ಈ ಪಾಠವನ್ನು ಊರಿನಲ್ಲಿರುವ ಅಮ್ಮನಿಗೂ ಓದಿ ಹೇಳಿರಿ.