ಸಾಂಬ್ರಾ ಬಯಲಿಗೆ ವಿಮಾನ ಬಂದ ಬಗೆ

ಬೆಳಗಾವಿಯಿಂದ ಖಾನಾಪುರದತ್ತ ಹೊರಟರೆ ನೆಲ ಏರಿಳಿಯುತ್ತ ಸಹ್ಯಾದ್ರಿಯ ಕಾಡು ಸೇರುತ್ತದೆ. ಪೂರ್ವಕ್ಕೆ ಬಾಗಲಕೋಟೆ ರಸ್ತೆ ಹಿಡಿದರೆ ಹೊಲಗಳ ಬಯಲು ತೆರೆದುಕೊಳ್ಳುತ್ತದೆ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷ್ ವಾಯುಪಡೆ ತರಬೇತಿಗೆಂದು ವಿಮಾನ ಇಳಿಸುವ ನೆಲೆ ಕಟ್ಟಿದ್ದು ಈ ಬಯಲಿನ ಸಾಂಬ್ರಾದಲ್ಲಿ. ರನ್‌ವೇಯ ಎರಡು ತುದಿಗಳಿಗೆ 08 ಮತ್ತು 26 ಎಂಬ ಅಂಕಿಗಳಿವೆ. ಕೊನೆಗೊಂದು ಸೊನ್ನೆ ಸೇರಿಸಿದರೆ ದಿಕ್ಸೂಚಿಯ 80 ಮತ್ತು 260 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ಘಟ್ಟದ ಕಡೆಯಿಂದ ನುಗ್ಗುವ ಮುಂಗಾರು ಗಾಳಿಗೆ ಮುಖ ಮಾಡಿ ಏರಲೂ ಇಳಿಯಲೂ ಒಗ್ಗುವ ದಿಕ್ಕು ಇದು.

ಈ ನೆಲೆ ಬಹುಕಾಲ ಸೈನಿಕರದ್ದೇ ಆಗಿತ್ತು. 1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆ ಆರಂಭವಾದಾಗ ಬಾಂಬೋಳಿಯ ವೈರ್‌ಲೆಸ್ ಕೇಂದ್ರದ ಮೇಲೆ ದಾಳಿ ಮಾಡಿದ ಹಂಟರ್ ವಿಮಾನಗಳು ಮೇಲೆದ್ದದ್ದು ಸಾಂಬ್ರಾದಿಂದಲೇ. ವಾಯುಪಡೆಯ ತರಬೇತಿ ಶಾಲೆ ಇಂದಿಗೂ ಅಲ್ಲಿದೆ.

ನಾಗರಿಕರ ಪಾಲಿಗೆ ನಿಲ್ದಾಣ ನಿಜಕ್ಕೂ ಬೆಳೆದದ್ದು ಇತ್ತೀಚೆಗೆ. ರಾಜ್ಯ ಸರ್ಕಾರ 370 ಎಕರೆ ಜಮೀನು ಕೊಟ್ಟಿತು. 1,830 ಮೀಟರ್ ಇದ್ದ ರನ್‌ವೇ 2,300 ಮೀಟರ್ ಆಯಿತು. 2017ರ ಸೆಪ್ಟೆಂಬರ್ 14ರಂದು ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ಸಂಭ್ರಮ ವರ್ಷವೂ ಬಾಳಲಿಲ್ಲ. ಸಣ್ಣ ಊರುಗಳ ವಿಮಾನಯಾನಕ್ಕೆ ಸಹಾಯಧನ ಕೊಡುವ ಕೇಂದ್ರದ ಉಡಾನ್ ಯೋಜನೆಯ ಎರಡನೇ ಸುತ್ತಿನಲ್ಲಿ ಹುಬ್ಬಳ್ಳಿಗೆ ಜಾಗ ಸಿಕ್ಕಿತು, ಬೆಳಗಾವಿಗೆ ಸಿಗಲಿಲ್ಲ. ಸಹಾಯಧನವಿದ್ದ ಕಡೆ ವಿಮಾನಗಳು ಹೋದವು. 2018ರಲ್ಲಿ ಕಟ್ಟಡವಿತ್ತು, ಉದ್ದನೆಯ ರನ್‌ವೇ ಇತ್ತು, ಹತ್ತುವ ವಿಮಾನವೇ ಕಡಿಮೆಯಾಗಿತ್ತು. ಊರಿನ ವ್ಯಾಪಾರಿಗಳು, ಸಂಘಸಂಸ್ಥೆಗಳು ದನಿ ಎತ್ತಿದ ಮೇಲೆ, 2019ರ ಜನವರಿಯಲ್ಲಿ ಪ್ರಕಟವಾದ ಮೂರನೇ ಸುತ್ತಿನಲ್ಲಿ ಬೆಳಗಾವಿಯ ಹೆಸರು ಬಂತು. ಸ್ಟಾರ್ ಏರ್‌ನ 50 ಆಸನದ ಎಂಬ್ರೇಯರ್ ವಿಮಾನಗಳು ಅಹಮದಾಬಾದ್, ಇಂದೋರ್, ಸೂರತ್ ಎಂದು ಹೊಸ ದಾರಿ ತೆರೆದವು. ಬೆಳಗಾವಿಯ ಖಾಸಬಾಗ, ವಡಗಾವಿಗಳಲ್ಲಿ ಸೀರೆ ನೇಯುವವರಿಗೆ ಸೂರತ್ ಅಪರಿಚಿತ ಊರಲ್ಲ. ಜವಳಿಯ ವ್ಯವಹಾರಕ್ಕೆ ರೈಲಿನ ರಾತ್ರಿಗಳನ್ನು ಉಳಿಸಿದ ದಾರಿಯದು.

ಇನ್ನು ಹೆಸರು. 2023ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ ಸೇರಿದ್ದ ವಿಧಾನಸಭೆ, ಸಾಂಬ್ರಾ ನಿಲ್ದಾಣಕ್ಕೆ ಕಿತ್ತೂರು ರಾಣಿ ಚೆನ್ನಮ್ಮನ ಹೆಸರನ್ನೂ ಹುಬ್ಬಳ್ಳಿಯದಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರನ್ನೂ ಇಡಬೇಕೆಂದು ನಿರ್ಣಯಿಸಿ ಕೇಂದ್ರಕ್ಕೆ ಶಿಫಾರಸು ಮಾಡಿತು. ರಾಯಣ್ಣನನ್ನು ಗಲ್ಲಿಗೇರಿಸಿದ್ದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ. ಹಾಗಾಗಿ ಅವನ ಹೆಸರು ಈ ಜಿಲ್ಲೆಯ ನಿಲ್ದಾಣಕ್ಕೇ ಬರಲಿ ಎಂದವರ ಆಸೆಯನ್ನು ನಾನು ಹಗುರವಾಗಿ ನೋಡಲಾರೆ. ಆದರೂ ಕಿತ್ತೂರಿನ ಒಡತಿಯ ಹೆಸರಿಗೆ ತಕರಾರು ತೆಗೆಯುವವರು ಇಲ್ಲಿ ಸಿಗುವುದು ಕಷ್ಟ.

2024ರ ಮಾರ್ಚ್ 10ರಂದು ಇನ್ನೂ ದೊಡ್ಡ ಟರ್ಮಿನಲ್‌ಗೆ ಶಂಕುಸ್ಥಾಪನೆಯಾಯಿತು. ನನ್ನ ಕಣ್ಣು ಮಾತ್ರ ಅದರ ಹೊರಗಿನ ರಸ್ತೆಯ ಮೇಲಿದೆ. ನಗರದಿಂದ ನಿಲ್ದಾಣಕ್ಕೆ ಸುಮಾರು 10 ಕಿಲೋಮೀಟರ್. ಮುತಗಾ, ನಿಲಜಿ ದಾಟಿ ಹೋಗುವ ಅದೇ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೂ ಲಾರಿಯೂ ಶಾಲೆಯ ಮಕ್ಕಳೂ ಇರುತ್ತಾರೆ. ಖಾನಾಪುರದವರು ಇದಕ್ಕೂ ಮುಂಚೆ ಇಡೀ ಪೇಟೆಯನ್ನು ಹಾಯಬೇಕು. ಸೂಟ್‌ಕೇಸು ಹಿಡಿದ ಮುದುಕರು ಆಟೊದವರೊಂದಿಗೆ ಚೌಕಾಸಿ ಮಾಡುತ್ತ ನಿಲ್ಲಬಾರದು. ವಿಮಾನಗಳ ವೇಳೆಗೆ ಹೊಂದಿಸಿ, ಖಾನಾಪುರದಿಂದ ಹೊರಟು ರೈಲು ನಿಲ್ದಾಣ, ಬಸ್ ನಿಲ್ದಾಣಗಳನ್ನು ಮುಟ್ಟಿ ಟರ್ಮಿನಲ್‌ನ ಬಾಗಿಲಿಗೇ ಬಂದು ನಿಲ್ಲುವ ಸಾರಿಗೆ ಬಸ್ಸು ಬೇಕು. ಅದಕ್ಕೆ ಹೊಸ ಕಟ್ಟಡ ಮುಗಿಯುವವರೆಗೆ ಕಾಯಬೇಕಿಲ್ಲ.